ಹೆಸರೇ ಕೇಳದ ಹುಳ ಅಳಿದರೆ ನಮಗೇನು ನಷ್ಟ?

ಪ್ರಶ್ನೆ: ಎಲ್ಲಿ ನೋಡಿದರೂ ಜೀವವೈವಿಧ್ಯ ಉಳಿಸಿ ಅನ್ನುತ್ತಾರೆ. ಹುಲಿ, ಆನೆ ಸರಿ. ಆದರೆ ಯಾವುದೋ ಕಾಡಿನಲ್ಲಿ ನಾನು ಹೆಸರೇ ಕೇಳದ ಕಪ್ಪೆಯೋ ಹುಳವೋ ಇಲ್ಲವಾದರೆ ನನ್ನ ಬದುಕಿನಲ್ಲಿ ಏನು ಬದಲಾಗುತ್ತದೆ? ಡೈನೋಸಾರ್‌ಗಳೂ ಹೋದವು, ಭೂಮಿ ಏನೂ ನಿಂತುಹೋಗಲಿಲ್ಲ. ಇನ್ನೊಂದು ವಿಷಯ: ನಮ್ಮ ಮನೆ ಪಕ್ಕ ಸ್ವಲ್ಪ ಖಾಲಿ ಜಾಗ ಇದೆ. ಹುಲ್ಲು, ಪೊದೆ ಬೆಳೆದಿದೆ. ಅದನ್ನೆಲ್ಲ ತೆಗೆಸಿ ನೂರು ಸಸಿ ನೆಡಬೇಕು ಅಂತಿದ್ದೇನೆ. ಯಾವ ಸಸಿ ಒಳ್ಳೆಯದು?

ಉತ್ತರ: ಪೊದೆ ತೆಗೆಯುವವರನ್ನು ನೀವಿನ್ನೂ ಕರೆಸಿಲ್ಲ ಅಂದುಕೊಂಡು ಬರೆಯುತ್ತಿದ್ದೇನೆ. ಆ ಮಾತಿಗೆ ಆಮೇಲೆ ಬರೋಣ. ಮೊದಲು ಕಪ್ಪೆ.

ಆ ಒಂದು ಕಪ್ಪೆ ಹೋದರೆ ನಾಳೆ ನಿಮ್ಮ ಗಮನಕ್ಕೆ ಬರುವಂಥದ್ದು ಏನೂ ಆಗಲಿಕ್ಕಿಲ್ಲ. ಇದನ್ನು ಒಪ್ಪಿಕೊಳ್ಳಲು ನಮ್ಮ ಕ್ಷೇತ್ರದವರು ಹಿಂಜರಿಯುತ್ತಾರೆ. ಒಂದು ಜೀವಿ ಹೋದರೆ ಪ್ರಪಂಚವೇ ಕುಸಿಯುತ್ತದೆ ಅಂತ ಹೆದರಿಸುತ್ತಾರೆ. ಅದು ಕುಸಿಯುವುದಿಲ್ಲ, ಕೇಳಿದವರಿಗೆ ನಂಬಿಕೆ ಹೊರಟುಹೋಗುತ್ತದೆ. ನಿಸರ್ಗದಲ್ಲಿ ಎಷ್ಟೋ ಕೆಲಸಕ್ಕೆ ಹತ್ತು ಆಳು ಇರುತ್ತಾರೆ. ಒಬ್ಬ ಬರದಿದ್ದರೆ ಇನ್ನೊಬ್ಬ ಮಾಡುತ್ತಾನೆ. ಆದರೆ ಯಾವ ಕೆಲಸಕ್ಕೆ ಹತ್ತು ಆಳು, ಯಾವುದಕ್ಕೆ ಒಬ್ಬನೇ ಅನ್ನುವ ಹಾಜರಿ ಪುಸ್ತಕ ನಮ್ಮ ಹತ್ತಿರ ಇಲ್ಲ. ಇಲ್ಲಿಯವರೆಗೆ ಹೆಸರಿಟ್ಟು ಗುರುತಿಸಿರುವ ಜೀವಿಗಳು ಸುಮಾರು 20 ಲಕ್ಷ ಬಗೆ. ಒಟ್ಟು 87 ಲಕ್ಷ ಇರಬಹುದು ಅಂತ 2011ರಲ್ಲಿ ಒಂದು ಅಂದಾಜು ಬಂತು. ಅದರಲ್ಲಿ ಬ್ಯಾಕ್ಟೀರಿಯಾ ಸೇರಿಲ್ಲ. ಅಂದರೆ ಹೆಚ್ಚಿನ ಆಳುಗಳ ಹೆಸರೇ ನಮಗೆ ಗೊತ್ತಿಲ್ಲ. ಅವರು ಏನು ಮಾಡುತ್ತಿದ್ದರು ಅನ್ನುವುದು ಬಿಟ್ಟುಹೋದ ಮೇಲೆ ಗೊತ್ತಾಗುತ್ತದೆ.

ರಣಹದ್ದಿನ ವಿಷಯದಲ್ಲಿ ಹಾಗೇ ಆಯಿತು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಸಿಕ್ಕಿಲ್ಲ.

1980ರ ದಶಕದಲ್ಲಿ ಭಾರತ, ಪಾಕಿಸ್ತಾನ, ನೇಪಾಳದ ಆಕಾಶದಲ್ಲಿ ರಣಹದ್ದು ಲಕ್ಷಗಟ್ಟಲೆ ಇದ್ದವು. ದನ ಸತ್ತರೆ ಊರಾಚೆ ಎಳೆದು ಹಾಕುತ್ತಿದ್ದರು. ಹಿಂಡು ಇಳಿಯಿತೆಂದರೆ ಸ್ವಲ್ಪ ಹೊತ್ತಿನಲ್ಲೇ ಬರೀ ಮೂಳೆ. ಅದರ ಹೊಟ್ಟೆಯ ಆಮ್ಲ ಎಷ್ಟು ತೀಕ್ಷ್ಣವೆಂದರೆ ಕೊಳೆತ ಮಾಂಸದಲ್ಲಿನ ರೋಗಾಣುಗಳು ಬಹುಪಾಲು ಅಲ್ಲೇ ಸಾಯುತ್ತವೆ. ಬೋಳು ಕುತ್ತಿಗೆಯ ಆ ಹಕ್ಕಿಯನ್ನು ಯಾರೂ ಇಷ್ಟಪಟ್ಟು ನೋಡಿದವರಲ್ಲ. ಎಣಿಸುವ ಅಗತ್ಯವೂ ಯಾರಿಗೂ ಕಂಡಿರಲಿಲ್ಲ, ಅಷ್ಟೊಂದು ಇದ್ದವಲ್ಲ.

1990ರ ದಶಕದ ಕೊನೆಗೆ ರಾಜಸ್ಥಾನದ ಭರತಪುರ ಪಕ್ಷಿಧಾಮದಲ್ಲಿ ಅವು ಕೊಂಬೆಯ ಮೇಲೆ ಕುತ್ತಿಗೆ ಜೋತುಬಿಟ್ಟು ಕೂರುವುದು, ಆಮೇಲೆ ಸತ್ತು ಬೀಳುವುದು ಕಾಣಿಸಿತು. ಸಾಂಕ್ರಾಮಿಕ ರೋಗವಿರಬೇಕು ಅಂತ ಮೊದಲು ಅಂದುಕೊಂಡರು. ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದರೆ ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪುಡಿ. ಅದು ಯೂರಿಕ್ ಆಮ್ಲದ ಹರಳು. ಮೂತ್ರಪಿಂಡ ಕೈಕೊಟ್ಟಿತ್ತು. 2004ರಲ್ಲಿ, ಪಾಕಿಸ್ತಾನದಲ್ಲಿ ಇದರ ಬೆನ್ನು ಹತ್ತಿದ್ದ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಕಾರಣ ತೋರಿಸಿದರು: ಡೈಕ್ಲೋಫಿನಾಕ್. ದನಗಳಿಗೆ ನೋವಿಗೆ, ಊತಕ್ಕೆ ಕೊಡುತ್ತಿದ್ದ ಅಗ್ಗದ ಔಷಧಿ. ದನಕ್ಕೆ ಔಷಧಿ ಕೊಟ್ಟು, ಅದು ಎರಡು ಮೂರು ದಿನದೊಳಗೆ ಸತ್ತು, ಹಕ್ಕಿ ಅದನ್ನು ತಿಂದರೆ ಹಕ್ಕಿಯ ಕಥೆ ಅಲ್ಲಿಗೆ ಮುಗಿಯಿತು.

ಇಷ್ಟು ಸಣ್ಣ ವಿಷಕ್ಕೆ ಇಷ್ಟು ದೊಡ್ಡ ಸಾವೇ ಅಂತ ಅನಿಸಬಹುದು. ಲೆಕ್ಕ ಹಾಕಿದವರು ಹೇಳುವುದು, ನೂರು ಹೆಣದಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಸಂತತಿ ಕುಸಿಯಲು ಸಾಕು. ಒಂದು ಹೆಣಕ್ಕೆ ಇಡೀ ಹಿಂಡೇ ಇಳಿಯುತ್ತದೆ. ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಭಾರತದಲ್ಲಿ ಬಿಳಿ ಬೆನ್ನಿನ ರಣಹದ್ದು 1992ರಲ್ಲಿ ಸಾವಿರ ಇದ್ದಲ್ಲಿ 2007ರ ಹೊತ್ತಿಗೆ ಒಂದು ಉಳಿಯಿತು.

ಹಕ್ಕಿ ಹೋಯಿತು, ಕೆಲಸ ಉಳಿಯಿತು. ಆ ಕೆಲಸಕ್ಕೆ ನಾಯಿ ಬಂತು. ನಾಯಿ ಅದನ್ನು ಅರೆಬರೆ ಮಾಡುತ್ತದೆ, ಜೊತೆಗೆ ರೇಬಿಸ್ ಹೊತ್ತು ತಿರುಗುತ್ತದೆ. ಉಳಿದ ಹೆಣ ಕೊಳೆತು ನೀರಿಗೆ ಸೇರುತ್ತದೆ. ಇಯಾಲ್ ಫ್ರಾಂಕ್, ಅನಂತ್ ಸುದರ್ಶನ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಮೊದಲು ರಣಹದ್ದು ಜಾಸ್ತಿ ಇದ್ದ ಜಿಲ್ಲೆಗಳನ್ನೂ ಇಲ್ಲದ ಜಿಲ್ಲೆಗಳನ್ನೂ ಹೋಲಿಸಿ ನೋಡಿದರು. 2000ದಿಂದ 2005ರ ನಡುವೆ ಸುಮಾರು 5 ಲಕ್ಷ ಜನ ಹೆಚ್ಚುವರಿಯಾಗಿ ಸತ್ತರು ಅನ್ನುವುದು 2024ರಲ್ಲಿ ಪ್ರಕಟವಾದ ಅವರ ಅಂದಾಜು. ಆ ಜನರಲ್ಲಿ ಎಷ್ಟು ಮಂದಿ ರಣಹದ್ದಿನ ಬಗ್ಗೆ ಒಂದು ನಿಮಿಷವಾದರೂ ಯೋಚಿಸಿದ್ದರು ಹೇಳಿ?

ದನಗಳಿಗೆ ಡೈಕ್ಲೋಫಿನಾಕ್ ಕೊಡುವುದನ್ನು 2006ರಲ್ಲಿ ಮೂರೂ ದೇಶ ನಿಷೇಧಿಸಿದವು. ಅದರ ಬದಲು ಮೆಲಾಕ್ಸಿಕಾಮ್ ಇದೆ, ಹಕ್ಕಿಗೆ ಅಪಾಯವಿಲ್ಲ. ಆದರೂ ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಬಾಟಲಿಗಳು ಕೊಟ್ಟಿಗೆಗೆ ಹೋಗುತ್ತಲೇ ಇದ್ದವು. 2015ರಲ್ಲಿ ಭಾರತ ಅದನ್ನು 3 ಮಿಲಿಲೀಟರ್ ಬಾಟಲಿಯಲ್ಲಿ ಮಾತ್ರ ಮಾರಬೇಕು ಅಂದಿತು. ಒಂದು ಹಸುವಿಗೆ ಅಂಥ ಎಷ್ಟು ಬಾಟಲಿ ಒಡೆಯುತ್ತೀರಿ? ಜೀವಿಗಳನ್ನು ಉಳಿಸುವ ಕೆಲಸ ನಿಜವಾಗಿ ಹೀಗೆ ಕಾಣುತ್ತದೆ. ಬಾಟಲಿಯ ಅಳತೆ, ಅಂಗಡಿಯ ಲೆಕ್ಕ, ಬದಲಿ ಔಷಧಿ. ಫೋಟೊ ತೆಗೆಯುವಂಥದ್ದು ಏನೂ ಇರುವುದಿಲ್ಲ.

ಇದು ಬೇರೆ ಬೇರೆ ಜೀವಿಗಳ ಮಾತಾಯಿತು. ಒಂದೇ ಜೀವಿಯೊಳಗೂ ವೈವಿಧ್ಯ ಬೇಕು. ಇದನ್ನು ಜನ ಮರೆತೇಬಿಡುತ್ತಾರೆ. ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ. ಅಲ್ಲಿ 4,000ಕ್ಕೂ ಹೆಚ್ಚು ತಳಿಗಳಿವೆ. ಯುರೋಪಿಗೆ ಹೋದದ್ದು ಕೈಬೆರಳೆಣಿಕೆಯಷ್ಟು. ಐರ್ಲೆಂಡಿನ ಬಡವರು ಹೆಚ್ಚಾಗಿ ನಂಬಿಕೊಂಡಿದ್ದು ಲಂಪರ್ ಅನ್ನುವ ಒಂದೇ ತಳಿಯನ್ನು. ಆಲೂಗಡ್ಡೆಯನ್ನು ಸಾಮಾನ್ಯವಾಗಿ ಬೀಜದಿಂದ ಬೆಳೆಸುವುದಿಲ್ಲ, ಗೆಡ್ಡೆಯನ್ನೇ ಕತ್ತರಿಸಿ ನೆಡುತ್ತಾರೆ. ಹಾಗಾಗಿ ಒಂದು ಗಿಡ ಇನ್ನೊಂದರ ಪಡಿಯಚ್ಚು. 1845ರಲ್ಲಿ ಅಂಗಮಾರಿ ರೋಗ ಬಂತು. ಒಂದು ಗಿಡಕ್ಕೆ ತಡೆಯಲಾಗಲಿಲ್ಲ ಅಂದರೆ ಯಾವುದಕ್ಕೂ ಆಗಲಿಲ್ಲ. ಮುಂದಿನ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಹಸಿವಿನ ನಡುವೆಯೂ ಅಲ್ಲಿಂದ ಧಾನ್ಯ ಹೊರದೇಶಕ್ಕೆ ಹೋಗುತ್ತಲೇ ಇತ್ತು. ಹಾಗಾಗಿ ಎಲ್ಲ ತಪ್ಪನ್ನೂ ಆ ರೋಗ ತಂದ ಶಿಲೀಂಧ್ರದಂಥ ಜೀವಿಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಹೊಲದಲ್ಲಿ ಬೇರೆ ಬೇರೆ ತಳಿ ಇದ್ದಿದ್ದರೆ ಇಡೀ ಹೊಲ ಒಂದೇ ಏಟಿಗೆ ಕೊಳೆಯುತ್ತಿರಲಿಲ್ಲ.

ಇದರ ಎದುರು ಭತ್ತದ ಕಥೆ ನೋಡಿ. 1970ರ ದಶಕದಲ್ಲಿ ಏಷ್ಯಾದ ಗದ್ದೆಗಳಿಗೆ ಗ್ರಾಸಿ ಸ್ಟಂಟ್ ಅನ್ನುವ ವೈರಸ್ ಬಿತ್ತು. ಕಂದು ಜಿಗಿಹುಳು ಅದನ್ನು ಹರಡುತ್ತದೆ. ಗಿಡ ಕುಳ್ಳಾಗಿ, ಹುಲ್ಲಿನ ಕಂತೆಯ ಹಾಗೆ ತೆಂಡೆಯೊಡೆದು, ಕಾಳು ಕಟ್ಟದೆ ನಿಲ್ಲುತ್ತದೆ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ತಮ್ಮ ಸಂಗ್ರಹದ 6,000ಕ್ಕೂ ಜಾಸ್ತಿ ಮಾದರಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ರೋಗ ತಡೆದದ್ದು ಒಂದು ಕಾಡುಭತ್ತ, ಒರೈಝಾ ನಿವಾರ. ಉತ್ತರ ಪ್ರದೇಶದಿಂದ ತಂದ ಒಂದೇ ಒಂದು ಮಾದರಿ. ನೋಡಲು ಕಳೆ. ಕಾಳು ಸಣ್ಣದು, ಹಣ್ಣಾಗುತ್ತಲೇ ಉದುರಿಹೋಗುತ್ತದೆ. ಯಾವ ರೈತನೂ ಬೇಕು ಅನ್ನುವಂಥದ್ದಲ್ಲ. ಅದರ ಗುಣವನ್ನು ಸೇರಿಸಿ 1976ರಲ್ಲಿ ಬಿಟ್ಟ ಐಆರ್ 36 ತಳಿ ಮುಂದೆ ಕೋಟಿ ಹೆಕ್ಟೇರಿಗೂ ಹೆಚ್ಚು ನೆಲದಲ್ಲಿ ಬೆಳೆಯಿತು. ಆ ಕಾಡುಭತ್ತ ಬೆಳೆದಿದ್ದ ಜೌಗನ್ನು ಹತ್ತು ವರ್ಷ ಮೊದಲೇ ಮುಚ್ಚಿ ಕಟ್ಟಡ ಎಬ್ಬಿಸಿದ್ದರೆ ಯಾರಾದರೂ ಅಳುತ್ತಿದ್ದರಾ? ಉಪಯೋಗಕ್ಕೆ ಬಾರದ ಜೌಗು ಹೋಯಿತು ಅಂತ ಸುಮ್ನೆ ಇರುತ್ತಿದ್ದರು.

ಔಷಧಿಗಳ ವಿಷಯವನ್ನು ನೀವು ಬೇಕಾದಷ್ಟು ಕೇಳಿರುತ್ತೀರಿ, ಅದಕ್ಕೇ ಒಂದೇ ಮಾತು. ಬೇಲಿ ಬದಿಯಲ್ಲಿ ಅರಳುವ ನಿತ್ಯಪುಷ್ಪ ಮೂಲತಃ ಮಡಗಾಸ್ಕರಿನದು. ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಬಂದದ್ದು ಅದರಿಂದ.

ಈಗ ನಿಮ್ಮ ಡೈನೋಸಾರ್. ನಿಜ, 6.6 ಕೋಟಿ ವರ್ಷದ ಹಿಂದೆ ಅವು ಹೋದವು, ಭೂಮಿ ನಿಲ್ಲಲಿಲ್ಲ. ಈಗಲೂ ನಿಲ್ಲುವುದಿಲ್ಲ, ಭೂಮಿಯ ಬಗ್ಗೆ ನನಗೆ ಚಿಂತೆ ಇಲ್ಲ. ಆ ಹೊಡೆತದ ನಂತರ ಜೀವಜಾಲ ಮತ್ತೆ ಮೊದಲಿನಷ್ಟು ತುಂಬಿಕೊಳ್ಳಲು ಹಿಡಿದದ್ದು ಹತ್ತಾರು ಲಕ್ಷ ವರ್ಷ. ನಮ್ಮ ಜಾತಿ ಹುಟ್ಟಿಯೇ ಸುಮಾರು 3 ಲಕ್ಷ ವರ್ಷ. ಅಷ್ಟು ಕಾಯುವ ವ್ಯವಧಾನ ಯಾರಿಗಿದೆ? ಅಳಿವು ಯಾವಾಗಲೂ ಇದ್ದದ್ದೇ ಅನ್ನುವುದೂ ನಿಜ. ಆದರೆ ಕಳೆದ ಒಂದು ಕೋಟಿ ವರ್ಷಗಳ ಸರಾಸರಿಗೆ ಹೋಲಿಸಿದರೆ ಈಗಿನ ವೇಗ ಹತ್ತಾರು ಪಟ್ಟು, ನೂರಾರು ಪಟ್ಟು ಜಾಸ್ತಿ ಅಂತ ವಿಶ್ವಸಂಸ್ಥೆಯ ಬೆಂಬಲದ ವಿಜ್ಞಾನಿಗಳ ವೇದಿಕೆ 2019ರಲ್ಲಿ ವರದಿ ಕೊಟ್ಟಿತು. ಸುಮಾರು 10 ಲಕ್ಷ ಬಗೆಯ ಜೀವಿಗಳು ಅಳಿವಿನ ದಾರಿಯಲ್ಲಿವೆ ಅನ್ನುವ ಲೆಕ್ಕವೂ ಅದೇ ವರದಿಯದು. ಕಾರಣಗಳನ್ನು ಅದು ಸಾಲಾಗಿ ಕೊಟ್ಟಿದೆ: ನೆಲ ಮತ್ತು ಕಡಲಿನ ಬಳಕೆ ಬದಲಾದದ್ದು, ಮಿತಿಮೀರಿದ ಬೇಟೆ ಮತ್ತು ಮೀನುಗಾರಿಕೆ, ಹವಾಮಾನ ಬದಲಾವಣೆ, ಮಾಲಿನ್ಯ, ಹೊರಗಿನಿಂದ ಬಂದು ಆಕ್ರಮಿಸುವ ಜೀವಿಗಳು. ಮೊದಲನೆಯದನ್ನು ಗಮನಿಸಿ. ಬಂದೂಕಿಗಿಂತ, ಹೊಗೆಗಿಂತ ಜಾಸ್ತಿ ಹಾನಿ ಮಾಡಿರುವುದು ಜಾಗ ಕಿತ್ತುಕೊಂಡದ್ದು.

ಹಾಗಾಗಿ ಉಳಿಸುವುದು ಹೇಗೆ ಅಂದರೆ, ಜಾಗ ಬಿಡುವುದು. ಇಷ್ಟು ಸರಳವಾದ ಮಾತನ್ನು ಅರ್ಥ ಮಾಡಿಕೊಳ್ಳಲು ನನಗೆ ವರ್ಷಗಳೇ ಹಿಡಿದವು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ತಂಡದ ಜೊತೆ ಬೋಳು ಗುಡ್ಡವೊಂದರಲ್ಲಿ ಸಾವಿರಾರು ಸಸಿ ನೆಟ್ಟೆವು. ಬೋಳು ಅಂತ ಕರೆದವರು ನಾವು. ಅದು ಹುಲ್ಲುಗಾವಲು. ಮೊದಲ ದಿನ ಗುಂಡಿ ತೋಡುವಾಗ ಕಾಲ ಬುಡದಿಂದಲೇ ನೆಲಗುಬ್ಬಿ ಹಾರಿತ್ತು. ಹುಲ್ಲಿನ ಬುಡದಲ್ಲಿ ಬಟ್ಟಲಿನಷ್ಟು ಗೂಡು, ಮಣ್ಣಿನ ಬಣ್ಣದ ಮೂರು ಮೊಟ್ಟೆ. ಪಕ್ಕಕ್ಕೆ ಸರಿದು ಇನ್ನೊಂದು ಗುಂಡಿ ತೋಡಿದೆವು, ಬಹಳ ಒಳ್ಳೆಯ ಕೆಲಸ ಮಾಡಿದೆವು ಅಂತ ಬೀಗಿದೆವು. ಕೆಲವು ವರ್ಷ ಬಿಟ್ಟು ಹೋಗಿ ನೋಡಿದರೆ ಸಸಿಗಳು ಮರವಾಗಿದ್ದವು. ಎಲ್ಲ ಒಂದೇ ಜಾತಿ, ಒಂದೇ ಎತ್ತರ. ಕೆಳಗೆ ನೆರಳು ಬಿದ್ದು ಹುಲ್ಲು ಸತ್ತಿತ್ತು. ನೆಲಗುಬ್ಬಿ ಇಲ್ಲ, ಹುಲ್ಲಿನ ಮಿಡತೆ ಇಲ್ಲ, ಅದನ್ನು ತಿನ್ನಲು ಬರುತ್ತಿದ್ದ ಹಕ್ಕಿಯೂ ಇಲ್ಲ. ವರದಿಯಲ್ಲಿ ಮಾತ್ರ ನಮ್ಮ ಕೆಲಸ ಯಶಸ್ವಿ, ಯಾಕೆಂದರೆ ಎಣಿಸಿದ್ದು ಮರಗಳನ್ನು.

ಹುಲ್ಲುಗಾವಲು, ಜೌಗು, ಕುರುಚಲು, ಕಲ್ಲುಬಂಡೆಯ ಬಯಲು ಇವೆಲ್ಲ ಕಾಡು ಆಗಲಾರದೆ ಉಳಿದ ಜಾಗಗಳೆಂದು ನಾವು ತಿಳಿದಿದ್ದೇವೆ. ಅವು ತಮ್ಮಷ್ಟಕ್ಕೆ ಪೂರ್ತಿಯಾಗಿವೆ. ಕಾಡು ಕಡಿದ ಕಡೆ ಕಾಡು ಬರಲಿ, ಅದೂ ಅಲ್ಲಿನದೇ ಹತ್ತಾರು ಜಾತಿಯ ಮರಗಳಿಂದ. ಹತ್ತಿರದಲ್ಲಿ ಹಳೆಯ ಕಾಡು ಉಳಿದಿದ್ದರೆ ಎಷ್ಟೋ ಸಲ ನೆಡುವ ಕೆಲಸವೇ ಬೇಡ. ಮೇಯಿಸುವುದನ್ನು, ಬೆಂಕಿಯನ್ನು ಕೆಲವು ವರ್ಷ ತಡೆದರೆ ಹಕ್ಕಿ, ಬಾವಲಿ, ಗಾಳಿ ಬೀಜ ತಂದು ಹಾಕುತ್ತವೆ.

ಇದೇ ತರಹದ ಇನ್ನೊಂದು ತಪ್ಪು ಕಲ್ಪನೆ ಜೇನುಪೆಟ್ಟಿಗೆ. ಪರಾಗಸ್ಪರ್ಶ ಮಾಡುವ ಕೀಟ ಕಡಿಮೆಯಾಗುತ್ತಿವೆ ಅಂದ ಕೂಡಲೇ ಜನ ಪೆಟ್ಟಿಗೆ ಇಡುತ್ತಾರೆ. ಜೇನು ಬೇಕಿದ್ದರೆ ಇಡಿ, ಬೇಡ ಅನ್ನುವುದಿಲ್ಲ. ಆದರೆ ಪ್ರಪಂಚದಲ್ಲಿ 20,000ಕ್ಕೂ ಹೆಚ್ಚು ಬಗೆಯ ಜೇನು ಜಾತಿಯ ಕೀಟಗಳಿವೆ, ಪೆಟ್ಟಿಗೆಯಲ್ಲಿ ಸಾಕುವುದು ಕೆಲವನ್ನು ಮಾತ್ರ. ಉಳಿದವು ಹೆಚ್ಚಿನವು ಒಂಟಿಯಾಗಿ ನೆಲದ ಬಿಲದಲ್ಲೋ ಒಣ ಕಡ್ಡಿಯಲ್ಲೋ ಬದುಕುತ್ತವೆ. ಟೊಮೆಟೊ ಹೂವನ್ನು ಹತ್ತಿರದಿಂದ ನೋಡಿ. ಅದರ ಪರಾಗ ಹೊರಗೆ ಇರುವುದಿಲ್ಲ, ಹಳದಿ ಕೊಳವೆಯ ಒಳಗಿರುತ್ತದೆ. ಗಾಳಿಗೆ ಅಲುಗಾಡಿ ಸ್ವಲ್ಪ ಉದುರುತ್ತದೆ. ಪೂರ್ತಿ ಉದುರಬೇಕಾದರೆ ಉಪ್ಪಿನ ಡಬ್ಬಿಯ ಹಾಗೆ ಕುಲುಕಬೇಕು. ಕಪ್ಪು ದುಂಬಿ ಬಂದು ಹೂವನ್ನು ಕಚ್ಚಿ ಹಿಡಿದು, ರೆಕ್ಕೆ ಬಡಿಯದೆ ಎದೆಯ ಸ್ನಾಯು ಮಾತ್ರ ಅದುರಿಸುತ್ತದೆ. ಝುಂ ಅನ್ನುವ ಸದ್ದು ಒಂದು ಕ್ಷಣಕ್ಕೆ ಬದಲಾಗುತ್ತದೆ, ದುಂಬಿಯ ಹೊಟ್ಟೆ ಹಳದಿಯಾಗುತ್ತದೆ. ಪೆಟ್ಟಿಗೆಯ ಜೇನಿಗೆ ಈ ವಿದ್ಯೆ ಬರುವುದಿಲ್ಲ. ದುಂಬಿ ಗೂಡು ಕೊರೆಯುವುದು ಒಣ ಮರದಲ್ಲಿ, ಒಣ ಬಿದಿರಿನಲ್ಲಿ. ಒಣಗಿದ್ದನ್ನೆಲ್ಲ ಗಲೀಜು ಅಂತ ಸುಟ್ಟುಬಿಟ್ಟರೆ ಅದು ಎಲ್ಲಿಗೆ ಹೋಗಬೇಕು?

ಹಾಗಾದರೆ ನೀವೊಬ್ಬರು ಏನು ಮಾಡಬಹುದು. ತರಗೆಲೆ ಸುಡಬೇಡಿ. ಹುಳ ಕಂಡ ಕೂಡಲೇ ಔಷಧಿ ಹೊಡೆಯಬೇಡಿ. ಹುಳವಿಲ್ಲದ ಕಡೆ ಹಕ್ಕಿ ಮರಿ ಬದುಕುವುದಿಲ್ಲ, ಕಾಳು ತಿನ್ನುವ ಹಕ್ಕಿಗಳಲ್ಲೂ ಬಹಳಷ್ಟು ಮರಿಗೆ ಹುಳವನ್ನೇ ತಿನ್ನಿಸುತ್ತವೆ. ರಾತ್ರಿಯಿಡೀ ಉರಿಯುವ ಹೊರಗಿನ ದೀಪ ಆರಿಸಿ, ಪತಂಗಗಳು ಅದರ ಸುತ್ತ ಸುತ್ತಿ ಸುತ್ತಿ ಸಾಯುತ್ತವೆ. ಅಕ್ವೇರಿಯಂ ಬೇಜಾರಾಯಿತು ಅಂತ ಮೀನನ್ನು, ಆಮೆಯನ್ನು ಕೆರೆಗೆ ಬಿಡಬೇಡಿ. ಇದು ದಯೆಯ ಕೆಲಸ ಅಂತ ಅನಿಸುತ್ತದೆ, ಕೆರೆಗೆ ಅದು ದಾಳಿ. ಪೆಸಿಫಿಕ್ ಸಾಗರದ ಗುವಾಮ್ ದ್ವೀಪಕ್ಕೆ ಎರಡನೇ ಮಹಾಯುದ್ಧದ ಹೊತ್ತಿಗೆ ಸಾಮಾನಿನ ಜೊತೆ ಬಂದ ಒಂದು ಜಾತಿಯ ಹಾವು ಅಲ್ಲಿನ ಕಾಡಿನ ಹಕ್ಕಿಗಳನ್ನು ಹೆಚ್ಚುಕಡಿಮೆ ಪೂರ್ತಿ ತಿಂದು ಮುಗಿಸಿತು. ಇನ್ನು ಊಟ. ವಾಸಯೋಗ್ಯ ನೆಲದಲ್ಲಿ ಹತ್ತಿರಹತ್ತಿರ ಅರ್ಧ ಹೋಗಿರುವುದು ಕೃಷಿಗೆ ಮತ್ತು ಮೇವಿಗೆ. ಎಸೆದ ಪ್ರತಿ ತುತ್ತಿನ ಹಿಂದೆ ಎಲ್ಲೋ ಕಡಿದ ಒಂದು ಚೂರು ಕಾಡಿದೆ.

ಆದರೆ ಎಲ್ಲವನ್ನೂ ನಿಮ್ಮ ಹೆಗಲಿಗೆ ಹಾಕುವುದು ನನಗೆ ಇಷ್ಟವಿಲ್ಲ. ಡೈಕ್ಲೋಫಿನಾಕ್ ಕಡಿಮೆಯಾದದ್ದು ಯಾರೋ ಒಬ್ಬರು ಒಳ್ಳೆಯವರಾದದ್ದರಿಂದ ಅಲ್ಲ, ಕಾನೂನಿನಿಂದ. 2022ರ ಡಿಸೆಂಬರ್‌ನಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ದೇಶಗಳೆಲ್ಲ ಸೇರಿ 2030ರೊಳಗೆ ನೆಲದ, ಕಡಲಿನ ನೂರಕ್ಕೆ 30 ಭಾಗವನ್ನು ಕಾಪಾಡುತ್ತೇವೆ ಅಂದವು. ಅದಕ್ಕೂ ಮುಂಚೆ 2020ಕ್ಕೆಂದು ಇಟ್ಟುಕೊಂಡಿದ್ದ 20 ಗುರಿಗಳಲ್ಲಿ ಒಂದೂ ಪೂರ್ತಿ ಮುಟ್ಟಿರಲಿಲ್ಲ, ಹಾಗಾಗಿ ನಾನು ಚಪ್ಪಾಳೆ ತಟ್ಟಲು ಅವಸರ ಮಾಡುವುದಿಲ್ಲ. ನಕ್ಷೆಯಲ್ಲಿ ಗೆರೆ ಎಳೆದರೆ ಕಾಡು ಉಳಿಯುವುದಿಲ್ಲ. ಅಲ್ಲಿ ಇರುವ ಜನ ಒಪ್ಪಬೇಕು, ಅವರನ್ನು ಒಕ್ಕಲೆಬ್ಬಿಸಿ ಮಾಡಿದ ರಕ್ಷಣೆ ಜಗಳದಲ್ಲೇ ಕೊನೆಯಾಗುತ್ತದೆ. ಮೆಕ್ಸಿಕೋದ ಕಾಬೊ ಪುಲ್ಮೊ ಅನ್ನುವ ಕಡಲ ದಡದ ಹಳ್ಳಿಯವರು ಮೀನು ಸಿಗುವುದು ಕಡಿಮೆಯಾದಾಗ ತಾವೇ ನಿಂತು ಒತ್ತಾಯಿಸಿ 1995ರಲ್ಲಿ ಅದನ್ನು ರಕ್ಷಿತ ಕಡಲು ಮಾಡಿಸಿದರು. ಬಲೆ ಹಾಕುವುದು ಬಿಟ್ಟರು, ಕಾವಲೂ ಅವರದೇ. 1999ರಿಂದ 2009ರೊಳಗೆ ಅಲ್ಲಿನ ಮೀನಿನ ಒಟ್ಟು ತೂಕ ಐದು ಪಟ್ಟಿಗೂ ಜಾಸ್ತಿಯಾಯಿತು. ಯಾರೂ ಮೀನು ತಂದು ಬಿಟ್ಟಿರಲಿಲ್ಲ.

ತೀರಾ ತಡವಾದ ಮೇಲೂ ಉಳಿಸಬಹುದು, ಆದರೆ ಬೆಲೆ ಜಾಸ್ತಿ. ನ್ಯೂಜಿಲೆಂಡ್‌ಗೆ ಸೇರಿದ ಚಾಥಮ್ ದ್ವೀಪಗಳ ಬ್ಲ್ಯಾಕ್ ರಾಬಿನ್ ಅನ್ನುವ ಪುಟ್ಟ ಹಕ್ಕಿ 1980ರಲ್ಲಿ ಇದ್ದದ್ದು ಐದೇ. ಮರಿ ಮಾಡಬಲ್ಲ ಹೆಣ್ಣು ಒಂದೇ, ಅದಕ್ಕೆ ಓಲ್ಡ್ ಬ್ಲೂ ಅಂತ ಹೆಸರಿಟ್ಟರು. ಅದರ ಮೊಟ್ಟೆಗಳನ್ನು ಬೇರೆ ಜಾತಿಯ ಹಕ್ಕಿಯ ಗೂಡಿಗೆ ಸಾಗಿಸಿ, ಅದು ಮತ್ತೆ ಮೊಟ್ಟೆ ಇಡುವಂತೆ ಮಾಡಿ ಸಂತತಿ ಬೆಳೆಸಿದರು. ಇವತ್ತು ಇರುವ ಇನ್ನೂರಕ್ಕೂ ಹೆಚ್ಚು ಹಕ್ಕಿಗಳಿಗೆಲ್ಲ ಅದೇ ಒಂದು ಅಜ್ಜಿ. ಲಂಪರ್ ಆಲೂಗಡ್ಡೆ ನೆನಪಾಯಿತಾ? ಹಕ್ಕಿ ಉಳಿಯಿತು, ಒಳಗಿನ ವೈವಿಧ್ಯ ಉಳಿಯಲಿಲ್ಲ.

ಕೊನೆಗೆ ನಿಮ್ಮ ಖಾಲಿ ಜಾಗ. ಖಾಲಿ ಅಂತ ಬರೆದಿದ್ದೀರಿ, ಅದರ ಹಿಂದೆಯೇ ಹುಲ್ಲು, ಪೊದೆ ಬೆಳೆದಿದೆ ಅಂತಲೂ ಬರೆದಿದ್ದೀರಿ! ಒಂದು ವರ್ಷ ಅಲ್ಲಿ ಏನೂ ನೆಡಬೇಡಿ, ಏನೂ ಕೀಳಬೇಡಿ. ನಾಲ್ಕು ಗೂಟ ನೆಟ್ಟು ದಾರ ಕಟ್ಟಿ, ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ. ತಿಂಗಳಿಗೊಮ್ಮೆ ಬೆಳಿಗ್ಗೆ ಅರ್ಧ ಗಂಟೆ ಅದರ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಕಂಡದ್ದನ್ನೆಲ್ಲ ಬರೆದಿಡಿ. ಹೆಸರು ಗೊತ್ತಿಲ್ಲದಿದ್ದರೆ ಚಿತ್ರ ಬರೆಯಿರಿ, ಫೋಟೊ ತೆಗೆಯಿರಿ. ಮೊದಲ ದಿನ ನಾಲ್ಕೈದು ಕಾಣಬಹುದು. ಕಣ್ಣು ಪಳಗಿದ ಮೇಲೆ ಎಲೆಯ ಅಡಿಯ ಮೊಟ್ಟೆ, ಹುಲ್ಲುಕಡ್ಡಿಯ ಜೇಡ, ಮಣ್ಣಿನ ಸಣ್ಣ ತೂತು ಎಲ್ಲ ಕಾಣುತ್ತವೆ. ಹೊರಗಿನಿಂದ ಬಂದು ಆಕ್ರಮಿಸಿದ ಕಳೆ ಯಾವುದಾದರೂ ಇದ್ದರೆ ಅದೂ ಅಷ್ಟರಲ್ಲಿ ಗೊತ್ತಾಗುತ್ತದೆ, ಅದನ್ನು ಮಾತ್ರ ಕೀಳೋಣ. ವರ್ಷ ತುಂಬಿದ ಮೇಲೂ ಸಸಿ ಬೇಕು ಅನಿಸಿದರೆ ಆ ಪಟ್ಟಿಯ ಜೊತೆ ಬರೆಯಿರಿ. ಯಾವುದನ್ನು, ಎಲ್ಲಿ ನೆಡಬೇಕು ಅಂತ ಆಗ ಹೇಳುತ್ತೇನೆ.